ಹುಸಿ ಚಂದ್ರನ ದಾರಿ: ಕಮೋಓಅಲೇವಾ ಎಂಬ ಕಲ್ಲು ಮತ್ತು ಅದರ ಕಕ್ಷೆ

(ಒಂದು ಸಂಜೆ ಮಾಡಿದ ಉಪನ್ಯಾಸದ ಬರಹ ರೂಪ ಇದು. ಅಂದು ಕಪ್ಪುಹಲಗೆಯ ಮೇಲೆ ದಾರ ಮತ್ತು ಸೀಮೆಸುಣ್ಣದಿಂದ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಬೇಕಾಗಿರುವುದರಿಂದ ಕೆಲವೆಡೆ ವಿವರಣೆ ಬೆಳೆದಿದೆ. ಸಭಿಕರು ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಅವು ಸಲ್ಲುವ ಜಾಗದಲ್ಲೇ ಸೇರಿಸಿಕೊಂಡಿದ್ದೇನೆ.)

ಸಭಿಕರೇ,

2024ರ ಸೆಪ್ಟೆಂಬರ್ ಕೊನೆಯಲ್ಲಿ ‘ಭೂಮಿಗೆ ಎರಡನೇ ಚಂದ್ರ’ ಎಂಬ ಸುದ್ದಿ ಬಂದಿತ್ತು. ಮರುವರ್ಷ ಅಂಥದೇ ತಲೆಬರಹದ ಸುದ್ದಿ ಇನ್ನೊಮ್ಮೆ ಬಂತು. ಓದಿದವರಿಗೆ ಎರಡೂ ಒಂದೇ ಸಂಗತಿ ಎನಿಸಿದ್ದರೆ ತಪ್ಪು ಅವರದಲ್ಲ. ಮೊದಲನೆಯದು 2024 ಪಿಟಿ5 ಎಂಬ, ಸುಮಾರು ಹತ್ತು ಮೀಟರ್ ಗಾತ್ರದ ಕಲ್ಲಿನ ಕಥೆ. ಅದು ನಿಧಾನವಾಗಿ ಭೂಮಿಯ ನೆರೆಗೆ ಬಂದು, ಸುಮಾರು ಎರಡು ತಿಂಗಳ ಕಾಲ ಭೂಮಿಯ ಹಿಡಿತಕ್ಕೆ ಸಿಕ್ಕಂತಿದ್ದು, ಒಂದು ಸುತ್ತನ್ನೂ ಪೂರೈಸದೆ ಹೊರಟುಹೋಯಿತು. ಭೂಮಿಯ ಕಕ್ಷೆಯನ್ನೇ ಹೋಲುವ ಕಕ್ಷೆಗಳುಳ್ಳ ಇಂಥ ಸಣ್ಣ ಕಲ್ಲುಗಳ ಗುಂಪಿಗೆ ಖಗೋಳಜ್ಞರು ಅರ್ಜುನನ ಹೆಸರಿಟ್ಟಿರುವುದರಿಂದ ಮಹಾಭಾರತದ ನಂಟಿನ ಬಗೆಗೂ ಆಗ ಸಾಕಷ್ಟು ಬರೆಯಲಾಯಿತು. ಎರಡನೆಯದು 2025 ಪಿಎನ್7. ಇದು ಸುಮಾರು 2083ರವರೆಗೆ ನಮ್ಮ ಜೊತೆಯಲ್ಲೇ ಇರುವ ಕಲ್ಲು. ಆದರೆ ಭೂಮಿಯ ಹಿಡಿತಕ್ಕೆ ಅದು ಒಂದು ಗಳಿಗೆಯೂ ಸಿಕ್ಕಿಲ್ಲ, ಸಿಕ್ಕುವುದೂ ಇಲ್ಲ. ಹಿಡಿತಕ್ಕೆ ಸಿಕ್ಕಂತಿದ್ದದ್ದು ಎರಡೇ ತಿಂಗಳಿಗೆ ಹೊರಟುಹೋಯಿತು, ಸಿಕ್ಕದೇ ಇರುವುದು ದಶಕಗಳ ಕಾಲ ಬಿಟ್ಟು ಹೋಗುತ್ತಿಲ್ಲ. ಇದು ಹೇಗೆ ಸಾಧ್ಯ ಎಂಬುದೇ ಈ ಸಂಜೆಯ ವಿಷಯ. ಇದನ್ನು ವಿವರಿಸಲು ಈ ಬಗೆಯ ಕಲ್ಲುಗಳಲ್ಲಿ ಹೆಚ್ಚು ಪರಿಚಿತವಾದ, ಸದ್ಯ ಚೀನಾದ ಒಂದು ನೌಕೆ ಗುರಿಯಾಗಿಸಿಕೊಂಡಿರುವ ಕಮೋಓಅಲೇವಾವನ್ನು ಆರಿಸಿಕೊಂಡಿದ್ದೇನೆ.

ಹವಾಯಿಯ ಮಾವಿ ದ್ವೀಪದಲ್ಲಿ ಹಲೇಅಕಲಾ ಎಂಬ ಜ್ವಾಲಾಮುಖಿ ಪರ್ವತವಿದೆ. ಅದರ ಶಿಖರದಲ್ಲಿರುವ ಪ್ಯಾನ್‌ಸ್ಟಾರ್ಸ್ 1 ದೂರದರ್ಶಕದ ಕನ್ನಡಿಯ ಅಗಲ 1.8 ಮೀಟರ್, ರಾತ್ರಿಯಿಡೀ ಆಕಾಶದ ಚಿತ್ರ ತೆಗೆದು, ನಕ್ಷತ್ರಗಳ ನಡುವೆ ಸರಿದ ಚುಕ್ಕೆಗಳನ್ನು ಹೆಕ್ಕುವುದು ಅದರ ಕೆಲಸ. 2016ರ ಏಪ್ರಿಲ್ 27ರಂದು ಹಾಗೆ ಸಿಕ್ಕ ಒಂದು ಚುಕ್ಕೆಗೆ 2016 ಎಚ್‌ಒ3 ಎಂಬ ತಾತ್ಕಾಲಿಕ ಹೆಸರು ಬಂತು. ಈ ಹೆಸರು ಅರ್ಥವಿಲ್ಲದ ಅಕ್ಷರಗಳ ಸಾಲಲ್ಲ. ವರ್ಷವನ್ನು ಹದಿನೈದು ದಿನಗಳ ಲೆಕ್ಕದಲ್ಲಿ ಭಾಗ ಮಾಡಿದರೆ ಏಪ್ರಿಲ್‌ನ ಉತ್ತರಾರ್ಧಕ್ಕೆ ಎಚ್ ಅಕ್ಷರ ಬರುತ್ತದೆ. ಉಳಿದ ಒ ಮತ್ತು 3, ಆ ಅವಧಿಯಲ್ಲಿ ದಾಖಲಾದ ಕಲ್ಲುಗಳ ಪೈಕಿ ಇದು 89ನೆಯದು ಎಂದು ಹೇಳುತ್ತವೆ. 2019ರಲ್ಲಿ ಇದಕ್ಕೆ ಕಾಯಂ ಹೆಸರು ಬಂತು. ಹವಾಯಿಯ ಮೂಲನಿವಾಸಿಗಳ ಕುಮುಲಿಪೋ ಎಂಬ ಸೃಷ್ಟಿಸ್ತೋತ್ರದಿಂದ ಆರಿಸಿಕೊಂಡ ಆ ಹೆಸರಿನ ಅರ್ಥ ಸ್ಥೂಲವಾಗಿ ‘ತೂಗಾಡುವ ಆಕಾಶದ ಚೂರು’. ನಮ್ಮ ನಾಲಿಗೆಗೆ ಎರಡು ಸಲ ಹೇಳಿಕೊಳ್ಳದೆ ಹೊರಳದ ಹೆಸರು ಇದು. ಆದರೆ ಆ ಕಲ್ಲು ಮಾಡುವುದು ತೂಗಾಟವನ್ನೇ ಆದ್ದರಿಂದ ಇದಕ್ಕಿಂತ ಹೊಂದುವ ಹೆಸರು ಸಿಗುವುದು ಕಷ್ಟವಿತ್ತು.

ಗಾತ್ರದಲ್ಲಿ ಅದು 40ರಿಂದ 100 ಮೀಟರ್ ಒಳಗಿನದು. ಇಷ್ಟು ದೊಡ್ಡ ಅಂತರವಿಟ್ಟು ಹೇಳಲು ಕಾರಣವಿದೆ: ದೂರದರ್ಶಕಕ್ಕೆ ಅದು ಬರೀ ಒಂದು ಚುಕ್ಕೆ. ಚುಕ್ಕೆಯ ಹೊಳಪಿನಿಂದ ಗಾತ್ರವನ್ನು ಊಹಿಸಬೇಕಾದರೆ ಕಲ್ಲಿನ ಮೈ ಎಷ್ಟು ಕಪ್ಪು, ಎಷ್ಟು ಬಿಳಿ ಎಂಬುದು ಮೊದಲೇ ಗೊತ್ತಿರಬೇಕು. ಬರಿಗಣ್ಣಿಗೆ ಕಾಣುವ ಅತಿ ಮಂಕು ನಕ್ಷತ್ರಕ್ಕಿಂತಲೂ ಅದು ಸುಮಾರು ನಲವತ್ತು ಲಕ್ಷ ಪಟ್ಟು ಮಂಕು. ಅದೂ ವರ್ಷಕ್ಕೊಮ್ಮೆ, ಏಪ್ರಿಲ್ ಆಸುಪಾಸಿನ ಕೆಲವು ವಾರಗಳಲ್ಲಿ ಮಾತ್ರ, ದೊಡ್ಡ ದೂರದರ್ಶಕಗಳಿಗೆ ಸಿಗುವಷ್ಟು ಹೊಳೆಯುತ್ತದೆ. ಹೀಗೆ ಸಿಗುವ ಕಲ್ಲಿನ ದಾರಿಯನ್ನು ನಿಖರವಾಗಿ ಹೇಳುವುದು ಹೇಗೆ ಎಂದು ನೀವು ಕೇಳಬಹುದು. ಹೊಸ ಕಲ್ಲೊಂದು ಸಿಕ್ಕೊಡನೆ ಅದರ ಒಂದು ಅಂದಾಜು ಕಕ್ಷೆಯನ್ನು ಲೆಕ್ಕ ಹಾಕಿ, ಹಿಂದಿನ ವರ್ಷಗಳಲ್ಲಿ ಅದು ಆಕಾಶದ ಯಾವ ಜಾಗದಲ್ಲಿ ಇದ್ದಿರಬೇಕು ಎಂದು ನೋಡಿ, ಆ ಜಾಗದ ಹಳೆಯ ಚಿತ್ರಗಳನ್ನು ತೆರೆದು ಹುಡುಕುತ್ತಾರೆ. ಬೇರೆ ಯಾವುದೋ ಕೆಲಸಕ್ಕೆ ತೆಗೆದಿದ್ದ 2004ರ ಚಿತ್ರಗಳಲ್ಲಿ, ಯಾರ ಗಮನಕ್ಕೂ ಬಾರದೆ ಈ ಕಲ್ಲು ಕುಳಿತಿತ್ತು. ಹನ್ನೆರಡು ವರ್ಷಗಳ ಎರಡು ತುದಿಗಳು ಕೈಗೆ ಬಂದ ಮೇಲೆ ಅದರ ಕಕ್ಷೆ ಗಟ್ಟಿಯಾಯಿತು.

ಈಗ ಕಕ್ಷೆಗೆ ಬರೋಣ. ಕಮೋಓಅಲೇವಾ ಸೂರ್ಯನನ್ನು ಒಂದು ಸುತ್ತು ಬರಲು ತೆಗೆದುಕೊಳ್ಳುವ ಕಾಲ ಸುಮಾರು 366 ದಿನ, ಅಂದರೆ ಹೆಚ್ಚುಕಡಿಮೆ ನಮ್ಮ ವರ್ಷವೇ. ಸೂರ್ಯನಿಂದ ಅದರ ಸರಾಸರಿ ದೂರವೂ ನಮ್ಮದೇ, ಸುಮಾರು 15 ಕೋಟಿ ಕಿಲೋಮೀಟರ್. ವ್ಯತ್ಯಾಸ ಇರುವುದು ಎರಡು ಕಡೆ. ಒಂದು, ಅದರ ಕಕ್ಷೆ ಭೂಮಿಯ ಕಕ್ಷೆಯ ತಳಕ್ಕೆ ಸುಮಾರು 8 ಡಿಗ್ರಿ ಓರೆಯಾಗಿದೆ. ಇನ್ನೊಂದು, ಅದರ ಉತ್ಕೇಂದ್ರತೆ, ಅಂದರೆ ಕಕ್ಷೆಯ ನಡುವಿನಿಂದ ಸೂರ್ಯ ಪಕ್ಕಕ್ಕಿರುವ ಪ್ರಮಾಣ, 0.1ರಷ್ಟಿದೆ, ಭೂಮಿಯದು 0.017 ಮಾತ್ರ.

ಉತ್ಕೇಂದ್ರತೆ ಎಂದರೆ ದೀರ್ಘವೃತ್ತ, ದೀರ್ಘವೃತ್ತ ಎಂದರೆ ಮೊಟ್ಟೆಯಾಕಾರ ಎಂದು ಶಾಲೆಯ ಪುಸ್ತಕದ ಚಿತ್ರಗಳು ನಮ್ಮ ತಲೆಯಲ್ಲಿ ಕೂರಿಸಿಬಿಟ್ಟಿವೆ. ಹಲಗೆಯ ಮೇಲೆ ಎರಡು ಮೊಳೆ ಹೊಡೆದು, ದಾರದ ಕುಣಿಕೆ ಹಾಕಿ, ಸೀಮೆಸುಣ್ಣವನ್ನು ಬಿಗಿಹಿಡಿದು ಈ ಕಕ್ಷೆಯನ್ನೇ ಬರೆದು ನೋಡಿದರೆ ಬೇರೆಯೇ ಕಾಣುತ್ತದೆ. ಉದ್ದನೆಯ ಅರ್ಧವ್ಯಾಸವನ್ನು 100 ಸೆಂಟಿಮೀಟರ್ ಇಟ್ಟುಕೊಂಡರೆ ಗಿಡ್ಡನೆಯ ಅರ್ಧವ್ಯಾಸ 99.5 ಸೆಂಟಿಮೀಟರ್ ಬರುತ್ತದೆ. ಅರ್ಧ ಸೆಂಟಿಮೀಟರಿನ ವ್ಯತ್ಯಾಸ! ಸೀಮೆಸುಣ್ಣದ ಗೆರೆಯ ದಪ್ಪವೇ ಹೆಚ್ಚುಕಡಿಮೆ ಅಷ್ಟಿರುತ್ತದೆ. ಕಣ್ಣಿಗೆ ಅದು ಶುದ್ಧ ವೃತ್ತ. ಆದರೆ ಸೂರ್ಯನಿರಬೇಕಾದ ಮೊಳೆ ವೃತ್ತದ ನಡುವಿನಿಂದ ಹತ್ತು ಸೆಂಟಿಮೀಟರ್ ಪಕ್ಕಕ್ಕಿರುತ್ತದೆ. ಹಾಗಾಗಿ ಈ ಕಲ್ಲಿನ ಕಕ್ಷೆಯನ್ನು ಅದುಮಿದ ವೃತ್ತ ಎಂದು ಭಾವಿಸುವುದಕ್ಕಿಂತ, ಪಕ್ಕಕ್ಕೆ ಸರಿಸಿಟ್ಟ ವೃತ್ತ ಎಂದು ಭಾವಿಸುವುದೇ ಮೇಲು. ಒಂದು ಕಡೆ ಅದು ಸೂರ್ಯನಿಗೆ ಸುಮಾರು 13.5 ಕೋಟಿ ಕಿಲೋಮೀಟರ್ ವರೆಗೆ ಹತ್ತಿರ ಬರುತ್ತದೆ, ಇನ್ನೊಂದು ಕಡೆ 16.5 ಕೋಟಿ ಕಿಲೋಮೀಟರ್ ವರೆಗೆ ದೂರ ಹೋಗುತ್ತದೆ. ಹತ್ತಿರವಿದ್ದಾಗ ಅದರ ಓಟ ಚುರುಕು, ದೂರವಿದ್ದಾಗ ನಿಧಾನ.

ಇಷ್ಟು ತಿಳಿದರೆ ‘ಭೂಮಿಯನ್ನು ಸುತ್ತುವ’ ಗುಟ್ಟು ತಾನಾಗಿ ಬಿಡಿಸಿಕೊಳ್ಳುತ್ತದೆ. ದೇವಸ್ಥಾನದ ಸುತ್ತ ಬೆಳಗ್ಗೆ ಪ್ರದಕ್ಷಿಣೆ ಬರುವ ಇಬ್ಬರು ಹೆಂಗಸರನ್ನು ನೆನೆಯಿರಿ. ಮೊದಲನೆಯವರು ಒಂದೇ ದೂರದಲ್ಲಿ, ಒಂದೇ ಹದದಲ್ಲಿ ನಡೆಯುವವರು. ಎರಡನೆಯವರು ಒಂದು ಕಡೆ ಗೋಡೆಗೆ ಹತ್ತಿರವಾಗಿ ಬಿರಬಿರನೆ ನಡೆದು, ಇನ್ನೊಂದು ಕಡೆ ಹೊರಗೆ ಸರಿದು ನಿಧಾನವಾಗುವವರು. ಇಬ್ಬರೂ ಒಂದು ಸುತ್ತನ್ನು ಒಂದೇ ಹೊತ್ತಿನಲ್ಲಿ ಮುಗಿಸುತ್ತಾರೆ ಎಂದಿಟ್ಟುಕೊಳ್ಳಿ. ಪ್ರದಕ್ಷಿಣೆಯಾದ್ದರಿಂದ ಗುಡಿ ಸದಾ ಬಲಗಡೆ. ಎರಡನೆಯವರು ಗೋಡೆಯ ಬಳಿ ಇರುವಾಗ ಮೊದಲನೆಯವರಿಗೆ ಅವರು ಬಲಗಡೆ ಕಾಣುತ್ತಾರೆ. ಅಲ್ಲಿ ಅವರ ನಡಿಗೆ ಚುರುಕಾದ್ದರಿಂದ ಸ್ವಲ್ಪ ಹೊತ್ತಿಗೆ ಮುಂದೆ ಕಾಣುತ್ತಾರೆ. ಆಮೇಲೆ ಹೊರಗೆ ಸರಿಯುತ್ತ ಎಡಗಡೆಗೆ ಬರುತ್ತಾರೆ. ಅಲ್ಲಿ ನಡಿಗೆ ನಿಧಾನವಾಗಿ ಹಿಂದೆ ಬೀಳುತ್ತಾರೆ. ಮತ್ತೆ ಒಳಗೆ ಸರಿದು ಬಲಗಡೆಗೆ. ಬಲ, ಮುಂದೆ, ಎಡ, ಹಿಂದೆ, ಮತ್ತೆ ಬಲ. ಇಬ್ಬರೂ ಸುತ್ತಿದ್ದು ಗುಡಿಯನ್ನು, ಆದರೆ ಮೊದಲನೆಯವರ ಕಣ್ಣಿಗೆ ಎರಡನೆಯವರು ತಮ್ಮನ್ನೇ ಒಂದು ಸುತ್ತು ಬಂದಂತಾಯಿತು. ಅದೂ ಅಪ್ರದಕ್ಷಿಣವಾಗಿ ಎಂಬುದನ್ನು ಗಮನಿಸಿ. ಕಮೋಓಅಲೇವಾವೂ ಹಾಗೆಯೇ, ಭೂಮಿಯಿಂದ ಲೆಕ್ಕ ಹಾಕಿದರೆ ಅದು ನಮ್ಮನ್ನು ವರ್ಷಕ್ಕೊಮ್ಮೆ, ಚಂದ್ರ ಸುತ್ತುವ ದಿಕ್ಕಿಗೆ ವಿರುದ್ಧವಾಗಿ ಸುತ್ತುತ್ತದೆ.

ಈ ತೋರಿಕೆಯ ಸುತ್ತಿನ ಅಳತೆಯನ್ನು ಬಾಯಿಲೆಕ್ಕದಲ್ಲೇ ತೆಗೆಯಬಹುದು. ಸೂರ್ಯನ ದಿಕ್ಕಿನಲ್ಲಿ ಒಳಗೆ-ಹೊರಗೆ ಸರಿಯುವುದು ಸರಾಸರಿ ದೂರದ ಹತ್ತನೇ ಒಂದು ಪಾಲು, ಅಂದರೆ ಎರಡೂ ಕಡೆ ಒಂದೂವರೆ ಕೋಟಿ ಕಿಲೋಮೀಟರ್. ಹಿಂದೆ-ಮುಂದೆ ಸರಿಯುವುದು ಅದರ ಎರಡು ಪಟ್ಟು, ಮೂರು ಕೋಟಿ ಕಿಲೋಮೀಟರ್. ಕಕ್ಷೆಯ ಓರೆಯಿಂದಾಗಿ ಮೇಲೆ-ಕೆಳಗೆ ಸುಮಾರು ಎರಡು ಕೋಟಿ ಕಿಲೋಮೀಟರ್ ಏರಿಳಿತ ಬೇರೆ. ಇಷ್ಟನ್ನೂ ಕೂಡಿಸಿ ಗಣಕದಲ್ಲಿ ನಿಖರವಾಗಿ ಲೆಕ್ಕ ಹಾಕಿದವರು ಕೊಡುವ ಎಲ್ಲೆ ಹೀಗಿದೆ: ಚಂದ್ರನ ದೂರದ 38 ಪಟ್ಟಿಗಿಂತ ಅದು ಹತ್ತಿರ ಬರುವುದಿಲ್ಲ, 100 ಪಟ್ಟಿಗಿಂತ ದೂರ ಹೋಗುವುದಿಲ್ಲ.

ಪಂಚಾಂಗದ ಗಣಿತ ಬಲ್ಲ ಹಿರಿಯರೊಬ್ಬರು ಸಭೆಯಲ್ಲಿದ್ದರು. ಹಿಂದೆ-ಮುಂದೆ ಸರಿಯುವುದು ಉತ್ಕೇಂದ್ರತೆಯ ಎರಡು ಪಟ್ಟು ಎಂದೊಡನೆ ಅವರು, “ಇದು ಮಂದಫಲವಲ್ಲವೇ?” ಎಂದು ಕೇಳಿದರು. ನಾನು ಸಿದ್ಧಪಡಿಸಿಕೊಂಡು ಬಂದಿದ್ದ ಮಾತಿಗಿಂತ ಅವರ ಮಾತೇ ನೇರವಾಗಿತ್ತು. ನಮ್ಮ ಸಿದ್ಧಾಂತ ಗ್ರಂಥಗಳಲ್ಲಿ ಮೊದಲು ಒಂದೇ ವೇಗದಲ್ಲಿ ಸಾಗುವ ಮಧ್ಯಮಗ್ರಹದ ಸ್ಥಾನವನ್ನು ಲೆಕ್ಕ ಹಾಕಿ, ಆ ಬಿಂದುವಿನ ಸುತ್ತ ಒಂದು ಸಣ್ಣ ಮಂದವೃತ್ತವನ್ನು ಕಲ್ಪಿಸಿ, ಗ್ರಹ ಎಷ್ಟು ಮುಂದಿದೆ ಅಥವಾ ಹಿಂದಿದೆ ಎಂಬ ತಿದ್ದುಪಡಿಯನ್ನು ಸೇರಿಸುತ್ತಾರೆ. ಆ ತಿದ್ದುಪಡಿಯೇ ಮಂದಫಲ. ಸೂರ್ಯನ ವಿಷಯದಲ್ಲಿ ಅದು ಹೆಚ್ಚೆಂದರೆ 2 ಡಿಗ್ರಿಯ ಆಸುಪಾಸು. ಕಮೋಓಅಲೇವಾಕ್ಕೆ ಇದೇ ಲೆಕ್ಕ ಮಾಡಿದರೆ ಸುಮಾರು 12 ಡಿಗ್ರಿ ಬರುತ್ತದೆ. ಸೂರ್ಯನಲ್ಲಿ ನಿಂತು ನೋಡುವವನಿಗೆ ಅದು ಭೂಮಿಗಿಂತ ಅಷ್ಟು ಮುಂದಕ್ಕೂ ಅಷ್ಟು ಹಿಂದಕ್ಕೂ ತೂಗಾಡುತ್ತಿರುತ್ತದೆ. ಹಿರಿಯರ ಭಾಷೆಯಲ್ಲೇ ಹೇಳುವುದಾದರೆ ಈ ಕಲ್ಲಿನ ಮಧ್ಯಮಗ್ರಹದ ಜಾಗದಲ್ಲಿ ಭೂಮಿಯೇ ಕುಳಿತಿದೆ. ಉಳಿದ ಗ್ರಹಗಳ ಮಧ್ಯಮ ಒಂದು ಬರಿಯ ಗಣಿತದ ಬಿಂದು. ಇಲ್ಲಿ ಮಾತ್ರ ಆ ಬಿಂದುವಿನಲ್ಲಿ ನಾವು ವಾಸಿಸುತ್ತಿದ್ದೇವೆ. ಮಂದವೃತ್ತವು ವೃತ್ತವಾಗದೆ ಒಂದಕ್ಕೆರಡರ ಪ್ರಮಾಣದ ದೀರ್ಘವೃತ್ತವಾಗಿದೆ ಎಂಬ ಒಂದು ತಿದ್ದುಪಡಿಯನ್ನಷ್ಟೇ ಸೇರಿಸಿಕೊಳ್ಳಬೇಕು.

ಸುತ್ತುವುದು ಬೇರೆ, ಕಟ್ಟಿಗೆ ಒಳಗಾಗುವುದು ಬೇರೆ. ಭೂಮಿಯ ಗುರುತ್ವ ಯಾವ ದೂರದವರೆಗೆ ಒಂದು ವಸ್ತುವನ್ನು ತನ್ನದಾಗಿ ಹಿಡಿದಿಟ್ಟುಕೊಳ್ಳಬಲ್ಲದು ಎಂಬುದಕ್ಕೆ ಒಂದು ಎಲ್ಲೆಯಿದೆ. ಅದನ್ನು ಹಿಲ್ ಗೋಳ ಎನ್ನುತ್ತಾರೆ, ಅದರ ತ್ರಿಜ್ಯ ಸುಮಾರು 15 ಲಕ್ಷ ಕಿಲೋಮೀಟರ್. ಚಂದ್ರ ಈ ಗೋಳದ ಒಳಗೆ, ನಾಲ್ಕು ಲಕ್ಷ ಕಿಲೋಮೀಟರಿಗೂ ಸ್ವಲ್ಪ ಕಡಿಮೆ ದೂರದಲ್ಲಿದ್ದಾನೆ. ಕಮೋಓಅಲೇವಾ ಅತ್ಯಂತ ಹತ್ತಿರ ಬಂದಾಗಲೂ ಈ ಎಲ್ಲೆಗಿಂತ ಹತ್ತು ಪಟ್ಟು ದೂರದಲ್ಲಿರುತ್ತದೆ. ಆಗ ಅದರ ಮೇಲೆ ಭೂಮಿಯ ಸೆಳೆತ ಸೂರ್ಯನ ಸೆಳೆತದ ಸುಮಾರು ಮೂರು ಸಾವಿರದಲ್ಲಿ ಒಂದು ಪಾಲು. ಭೂಮಿಯನ್ನು ಈ ಕ್ಷಣ ಕಣ್ಮರೆ ಮಾಡಿದರೂ ಈ ವರ್ಷ ಆ ಕಲ್ಲಿನ ದಾರಿಯಲ್ಲಿ ಯಾವ ವ್ಯತ್ಯಾಸವೂ ಕಣ್ಣಿಗೆ ಕಾಣದು.

ಇಲ್ಲಿ ಎರಡನೇ ಪ್ರಶ್ನೆ ಬಂತು, ಕಾಲೇಜು ಹುಡುಗಿಯೊಬ್ಬಳಿಂದ: ಚಂದ್ರನ ಮೇಲೆಯೂ ಭೂಮಿಗಿಂತ ಸೂರ್ಯನ ಸೆಳೆತವೇ ಹೆಚ್ಚಲ್ಲವೇ? ಹೌದು, ಎರಡು ಪಟ್ಟಿಗಿಂತಲೂ ಹೆಚ್ಚು. ಬಹಳ ಮಂದಿಗೆ ಇದು ತಿಳಿದಿರುವುದಿಲ್ಲ. ಹಾಗಿದ್ದೂ ಚಂದ್ರ ನಮ್ಮವನಾಗಿ ಉಳಿದಿರುವುದು ಏಕೆಂದರೆ, ಸೂರ್ಯ ಭೂಮಿಯನ್ನೂ ಚಂದ್ರನನ್ನೂ ಹೆಚ್ಚುಕಡಿಮೆ ಸಮನಾಗಿಯೇ ಸೆಳೆಯುತ್ತಾನೆ. ಇಬ್ಬರನ್ನೂ ಒಂದೇ ಬಂಡಿಯಲ್ಲಿ ಕೂರಿಸಿ ಎಳೆದರೆ ಅವರ ನಡುವಿನ ಸಂಬಂಧ ಕೆಡುವುದಿಲ್ಲ. ಅವರನ್ನು ಅಗಲಿಸುವುದು ಎರಡು ಸೆಳೆತಗಳ ನಡುವಿನ ವ್ಯತ್ಯಾಸ ಮಾತ್ರ, ಮತ್ತು ಚಂದ್ರನಿರುವಷ್ಟು ಹತ್ತಿರದಲ್ಲಿ ಆ ವ್ಯತ್ಯಾಸ ಭೂಮಿಯ ಸೆಳೆತದ ಮುಂದೆ ತೀರ ಸಣ್ಣದು. ದೂರ ಹೆಚ್ಚಿದಂತೆ ವ್ಯತ್ಯಾಸ ಬೆಳೆಯುತ್ತದೆ, ಭೂಮಿಯ ಸೆಳೆತ ಇಳಿಯುತ್ತದೆ. ಎರಡೂ ಸರಿಗಟ್ಟುವ ಜಾಗವೇ ಆ ಹದಿನೈದು ಲಕ್ಷ ಕಿಲೋಮೀಟರಿನ ಎಲ್ಲೆ.

ಹಾಗಾದರೆ ಭೂಮಿಯ ಸೆಳೆತಕ್ಕೆ ಇಲ್ಲಿ ಕೆಲಸವೇ ಇಲ್ಲವೇ? ಇದೆ. ಇಡೀ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದೇ ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕಲ್ಲಿನ ವರ್ಷ ನಮ್ಮ ವರ್ಷಕ್ಕೆ ಕರಾರುವಾಕ್ಕಾಗಿ ಸಮನಾಗಿಲ್ಲ. ದಿನದ ಒಂದು ಪಾಲಿನಷ್ಟು ವ್ಯತ್ಯಾಸವಿದ್ದರೂ ವರ್ಷ ವರ್ಷ ಅದು ಸೇರುತ್ತ ಹೋಗಿ, ಜೊತೆ ತಪ್ಪಿ, ಕಲ್ಲು ಸೂರ್ಯನ ಆಚೆ ಬದಿಗೆ ಹೋಗಿಬಿಡಬೇಕಿತ್ತು. ಹಾಗೆ ಆಗದಿರುವುದು ಭೂಮಿಯ ಸಣ್ಣ ಸೆಳೆತದ ದೆಸೆಯಿಂದ. ಕಲ್ಲಿನ ವಾರ್ಷಿಕ ಸುತ್ತಿನ ನಡುಬಿಂದು ಭೂಮಿಗಿಂತ ತುಸು ಮುಂದಕ್ಕೆ ಜಾರಿತು ಎನ್ನೋಣ. ಆಗ ಆ ಸುತ್ತಿನ ಹಿಂದಿನ ತುದಿ ಭೂಮಿಗೆ ಹತ್ತಿರವಾಗುತ್ತದೆ, ಮುಂದಿನ ತುದಿ ದೂರವಾಗುತ್ತದೆ. ಹಿಂದಿನ ತುದಿಯಲ್ಲಿರುವಾಗ ಭೂಮಿ ಕಲ್ಲನ್ನು ಮುಂದಕ್ಕೆ ಎಳೆಯುತ್ತದೆ, ಮುಂದಿನ ತುದಿಯಲ್ಲಿರುವಾಗ ಹಿಂದಕ್ಕೆ. ಹತ್ತಿರದ ಎಳೆತವೇ ಬಲವಾದದ್ದು. ಅಕ್ಕಪಕ್ಕದಲ್ಲಿ ಹಾಯುವಾಗ ಸ್ವಲ್ಪ ಕಾಲ ಲೆಕ್ಕ ತಿರುಗುಮುರುಗಾಗುವುದುಂಟು. ಆದರೂ ವರ್ಷದ ಕೊನೆಗೆ ಕೂಡಿ ಕಳೆದು ನೋಡಿದರೆ ಉಳಿಯುವುದು ಮುಂದಕ್ಕೆ ಎಳೆದ ಎಳೆತ.

ಮುಂದೆ ಜಾರಿದ್ದನ್ನು ಇನ್ನೂ ಮುಂದಕ್ಕೆ ಎಳೆದರೆ ಅದು ಓಡಿಯೇ ಹೋಗಬೇಕಲ್ಲವೇ ಎಂದು ಅನ್ನಿಸುವುದು ಸಹಜ. ಆದರೆ ಕಕ್ಷೆಗಳ ಲೋಕದಲ್ಲಿ ನಡೆಯುವುದು ತಿರುವುಮುರುವು. ಮುಂದಕ್ಕೆ ಎಳೆಸಿಕೊಂಡ ಕಲ್ಲಿನ ಶಕ್ತಿ ಹೆಚ್ಚುತ್ತದೆ, ಶಕ್ತಿ ಹೆಚ್ಚಿದರೆ ಕಕ್ಷೆ ಹಿಗ್ಗುತ್ತದೆ, ಕಕ್ಷೆ ಹಿಗ್ಗಿದರೆ ವರ್ಷ ಉದ್ದವಾಗುತ್ತದೆ, ವರ್ಷ ಉದ್ದವಾದರೆ ಕಲ್ಲು ಹಿಂದೆ ಬೀಳುತ್ತದೆ. ಅಳತೆಯ ಅಂದಾಜಿಗೆ ಹೇಳುವುದಾದರೆ, ಕಕ್ಷೆಯ ಸರಾಸರಿ ತ್ರಿಜ್ಯ ಒಂದೂವರೆ ಲಕ್ಷ ಕಿಲೋಮೀಟರ್ ಹಿಗ್ಗಿದರೆ, ಅಂದರೆ ಸಾವಿರಕ್ಕೊಂದು ಪಾಲು ಹಿಗ್ಗಿದರೆ, ವರ್ಷ ಅರ್ಧ ದಿನಕ್ಕಿಂತ ಸ್ವಲ್ಪ ಹೆಚ್ಚು ಉದ್ದವಾಗುತ್ತದೆ. ಅಷ್ಟು ಹೊತ್ತಿನಲ್ಲಿ ಭೂಮಿ ಸುಮಾರು ಹದಿನಾಲ್ಕು ಲಕ್ಷ ಕಿಲೋಮೀಟರ್ ಸಾಗಿರುತ್ತದೆ. ಹೀಗೆ ಮುಂದೆ ಹೋದದ್ದು ಮೆಲ್ಲಗೆ ಹಿಂದೆ ಸರಿಯುತ್ತದೆ. ಹಿಂದೆ ಹೋದಾಗ ಇದೇ ಲೆಕ್ಕ ತಲೆಕೆಳಗಾಗಿ ಮತ್ತೆ ಮುಂದಕ್ಕೆ ಬರುತ್ತದೆ. ವಾರ್ಷಿಕ ತೂಗಾಟದ ಮೇಲೆ ದಶಕಗಳ ಇನ್ನೊಂದು ನಿಧಾನ ತೂಗಾಟ. ಹಿಡಿದುಕೊಳ್ಳುವಷ್ಟು ಬಲವಿಲ್ಲದ ಭೂಮಿಗೆ ದಾರಿ ತಪ್ಪದಂತೆ ತಿದ್ದುವಷ್ಟು ಬಲ ಮಾತ್ರ ಇದೆ, ಮತ್ತು ಈ ಕಲ್ಲಿಗೆ ಅಷ್ಟೇ ಸಾಕಾಗಿದೆ.

ಲೆಕ್ಕದ ಪ್ರಕಾರ ಕಮೋಓಅಲೇವಾ ಈ ಸ್ಥಿತಿಗೆ ಬಂದು ನೂರು ವರ್ಷದ ಆಸುಪಾಸು ಆಗಿದೆ, ಇನ್ನೂ ಕೆಲವು ಶತಮಾನ ಹೀಗೇ ಇರುತ್ತದೆ. ಆಮೇಲೆ ಅದು ಕುದುರೆ ಲಾಳದ ಆಕಾರದ ಕಕ್ಷೆಗೆ ಜಾರುತ್ತದೆ: ಭೂಮಿಯ ಒಂದು ಬದಿಯಿಂದ ನಿಧಾನವಾಗಿ ಸರಿಯುತ್ತ, ಸೂರ್ಯನ ಆಚೆ ಬದಿಯನ್ನು ಹಾದು, ಭೂಮಿಯ ಇನ್ನೊಂದು ಬದಿಯವರೆಗೆ ಬಂದು, ಮುಟ್ಟದೆ ಹಿಂದಿರುಗುವ ಚಲನೆ. 1986ರಲ್ಲಿ ಕಂಡು, 1997ರಲ್ಲಿ ಕಕ್ಷೆಯ ಸ್ವರೂಪ ಬಯಲಾದ ಕ್ರೂಯಿನ್ಯ ಎಂಬ ಕ್ಷುದ್ರಗ್ರಹ ಈ ಜಾತಿಯದು. ಅದನ್ನೂ ಪತ್ರಿಕೆಗಳು ಆಗ ಎರಡನೇ ಚಂದ್ರ ಎಂದೇ ಕರೆದವು. ಕಮೋಓಅಲೇವಾದಂತೆ ಗ್ರಹದ ಕಟ್ಟಿಗೆ ಒಳಗಾಗದೆ ಅದನ್ನು ಸುತ್ತುವಂತೆ ತೋರುವ ಕಲ್ಲುಗಳನ್ನು ಹುಸಿ ಉಪಗ್ರಹಗಳು ಎನ್ನುತ್ತಾರೆ. ಅವುಗಳಲ್ಲಿ ಮೊದಲು ಗುರುತಿಸಲ್ಪಟ್ಟದ್ದು ಭೂಮಿಯದಲ್ಲ, ಶುಕ್ರನದು. 2002ರಲ್ಲಿ ಪತ್ತೆಯಾದ ಆ ಕಲ್ಲಿನ ಸಂಕೇತ 2002 ವಿಇ68. ಮಕ್ಕಳ ಕೋಣೆಯ ಸೌರಮಂಡಲದ ಚಿತ್ರಪಟವೊಂದರಲ್ಲಿ ಅಂಕಿಗಳನ್ನು ಅಕ್ಷರಗಳೆಂದು ತಪ್ಪಾಗಿ ಓದಿ ಅಚ್ಚು ಹಾಕಿದ್ದರಿಂದ ಅದು ‘ಜೂಜ್ವೆ’ ಆಯಿತು, ಮತ್ತು 2024ರಲ್ಲಿ ಅಂತಾರಾಷ್ಟ್ರೀಯ ಖಗೋಳ ಒಕ್ಕೂಟ ಆ ತಪ್ಪನ್ನೇ ಅಧಿಕೃತ ಹೆಸರಾಗಿ ಒಪ್ಪಿಕೊಂಡಿತು. ಗಂಭೀರ ಸಂಸ್ಥೆಗಳಿಗೂ ಒಮ್ಮೊಮ್ಮೆ ನಗು ಬರುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಅಪಾಯದ ಮಾತು ಬಾರದೆ ಕ್ಷುದ್ರಗ್ರಹದ ಉಪನ್ಯಾಸ ಮುಗಿಯುವುದಿಲ್ಲವಾದ್ದರಿಂದ ಚುಟುಕಾಗಿ ಹೇಳುತ್ತೇನೆ. ನಮ್ಮ ಜೊತೆಯಲ್ಲೇ ಇರುವ ಈ ಕಲ್ಲು ನಮಗೆ ಬಡಿಯುವ ಭಯವಿಲ್ಲ. ಅದರ ಕಕ್ಷೆಯ ಹೊಂದಾಣಿಕೆಯೇ ಅದನ್ನು ದೂರ ಇಟ್ಟಿದೆ. ನಿಜಕ್ಕೂ ಹತ್ತಿರ ಹಾಯುವವು ಯಾವ ನಂಟೂ ಇಲ್ಲದ ದಾರಿಹೋಕ ಕಲ್ಲುಗಳು. 2020ರ ಆಗಸ್ಟ್ 16ರಂದು ಹಿಂದೂ ಮಹಾಸಾಗರದ ದಕ್ಷಿಣ ಭಾಗದ ಮೇಲೆ, ನೆಲದಿಂದ ಬರೀ 2,950 ಕಿಲೋಮೀಟರ್ ಎತ್ತರದಲ್ಲಿ, ಕಾರಿನಷ್ಟು ಗಾತ್ರದ 2020 ಕ್ಯೂಜಿ ಎಂಬ ಕಲ್ಲು ಹಾದುಹೋಯಿತು. ಅದು ಹೋದ ಸುಮಾರು ಆರು ಗಂಟೆಗಳ ಮೇಲೆ ಕ್ಯಾಲಿಫೋರ್ನಿಯಾದ ಪಾಲೋಮಾರ್ ವೀಕ್ಷಣಾಲಯದ ಕ್ಯಾಮೆರಾ ಅದರ ಜಾಡನ್ನು ಹಿಡಿಯಿತು, ಮತ್ತು ಆ ಚಿತ್ರಗಳಲ್ಲಿ ಜಾಡನ್ನು ಗುರುತಿಸಿದವರಲ್ಲಿ ಮುಂಬಯಿಯ ಐಐಟಿಯ ವಿದ್ಯಾರ್ಥಿಗಳಿದ್ದರು.

ಇನ್ನು ಕಲ್ಲಿನ ಮೈ. ಕಮೋಓಅಲೇವಾ ತನ್ನ ಅಕ್ಷದ ಮೇಲೆ 28 ನಿಮಿಷಕ್ಕೊಮ್ಮೆ ತಿರುಗುತ್ತದೆ. ಐವತ್ತು ಮೀಟರ್ ಅಡ್ಡಳತೆಯ ಕಲ್ಲಿನಲ್ಲಿ ಇದರ ಪರಿಣಾಮವೇನೆಂದು ನೋಡಿದರೆ, ಸಮಭಾಜಕದಲ್ಲಿ ಹೊರಕ್ಕೆ ಎಸೆಯುವ ಪ್ರವೃತ್ತಿ ಕಲ್ಲಿನ ಗುರುತ್ವಕ್ಕಿಂತ ಹದಿನೈದು ಇಪ್ಪತ್ತು ಪಟ್ಟು ಹೆಚ್ಚಿರುತ್ತದೆ. ಅಲ್ಲಿ ಒಂದು ಗೋಲಿಯನ್ನು ಇಟ್ಟು ಕೈ ಬಿಟ್ಟರೆ ಅದು ನಿಲ್ಲದು, ಆಕಾಶಕ್ಕೆ ಜಾರಿಹೋಗುತ್ತದೆ. ಬೆನ್ನು, ರ್‍ಯುಗು ಮೊದಲಾದ ದೊಡ್ಡ ಕ್ಷುದ್ರಗ್ರಹಗಳಂತೆ ಜಲ್ಲಿಕಲ್ಲಿನ ಸಡಿಲ ರಾಶಿಯಾಗಿದ್ದರೆ ಇದು ಎಂದೋ ಚದುರಿಹೋಗಬೇಕಿತ್ತು. ಒಂದೋ ಇದು ಅಖಂಡ ಬಂಡೆ, ಇಲ್ಲವೇ ಹುಡಿಯ ಕಣಗಳು ಒಂದಕ್ಕೊಂದು ಅಂಟಿಕೊಳ್ಳುವ ಸಣ್ಣ ಬಲವೇ ಅದನ್ನು ಹಿಡಿದಿಟ್ಟಿದೆ.

ಆ ಬಂಡೆ ಎಲ್ಲಿಂದ ಬಂತು? ಅಮೆರಿಕದ ಅರಿಝೋನಾ ವಿಶ್ವವಿದ್ಯಾಲಯದ ತಂಡವೊಂದು ಅಲ್ಲಿನ ಬೃಹತ್ ಜೋಡಿ ದೂರದರ್ಶಕದಿಂದ ಅದರ ರೋಹಿತವನ್ನು, ಅಂದರೆ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿದ ಪಟ್ಟಿಯನ್ನು, ತೆಗೆದಾಗ, ಬೆಳಕು ಕೆಂಪಿನ ಕಡೆಗೆ ಎಷ್ಟೊಂದು ವಾಲಿತ್ತೆಂದರೆ ಭೂಸಮೀಪದ ಸಾಮಾನ್ಯ ಕ್ಷುದ್ರಗ್ರಹಗಳಿಗೆ ಹೊಂದಲಿಲ್ಲ. ಹೊಂದಿದ್ದು ಅಪೋಲೊ ಯಾತ್ರಿಗಳು ತಂದ ಚಂದ್ರಶಿಲೆಗೆ. ಸಂಶಯ ಪರಿಹಾರಕ್ಕೆ ಮತ್ತೊಮ್ಮೆ ನೋಡೋಣವೆಂದರೆ ಏಪ್ರಿಲ್‌ವರೆಗೆ ಕಾಯಬೇಕು. 2020ರ ಏಪ್ರಿಲ್‌ನಲ್ಲಿ ಕೋವಿಡ್‌ನಿಂದಾಗಿ ವೀಕ್ಷಣಾಲಯವೇ ಮುಚ್ಚಿತ್ತು. 2021ರ ವಸಂತದಲ್ಲಿ ಮತ್ತೆ ನೋಡಿ, ಆ ವರ್ಷದ ಕೊನೆಗೆ ಫಲಿತಾಂಶ ಪ್ರಕಟಿಸಿದರು. ಕಕ್ಷೆಯೂ ಈ ಊಹೆಗೆ ಒತ್ತಾಸೆ ಕೊಡುತ್ತದೆ. ಮಂಗಳ ಮತ್ತು ಗುರುವಿನ ನಡುವಿನ ಪಟ್ಟಿಯಿಂದ ಬರುವ ಕಲ್ಲುಗಳು ಭೂಮಿಯ ಬಳಿ ಸೆಕೆಂಡಿಗೆ ಹದಿನೈದು ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ ಹಾಯುವುದು ಸಾಮಾನ್ಯ. ಇದರ ಸಾಪೇಕ್ಷ ವೇಗ ಎರಡರಿಂದ ಐದು ಕಿಲೋಮೀಟರ್ ಮಾತ್ರ. ಚಂದ್ರನಿಂದ ಬಿಡಿಸಿಕೊಂಡು ಹೋಗಲು ಬೇಕಾದ ವೇಗ ಸೆಕೆಂಡಿಗೆ 2.4 ಕಿಲೋಮೀಟರ್ ಎಂಬುದನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ. ಚಂದ್ರನ ಮೇಲೆ ಏನೋ ಬಡಿದು ಸಿಡಿದ ಚೂರುಗಳಲ್ಲಿ ಬಹುಪಾಲು ಚದುರಿಹೋಗುತ್ತವೆ, ಆದರೆ ಕೆಲವು ಇಂಥ ಕಕ್ಷೆಗೆ ಬಂದು ನಿಲ್ಲಬಲ್ಲವು ಎಂದು ಭಾರತ ಮೂಲದ ವಿಜ್ಞಾನಿ ರೇಣು ಮಲ್ಹೋತ್ರಾ ಮತ್ತು ಅವರ ಸಂಗಡಿಗರು 2023ರಲ್ಲಿ ಗಣಕ ಲೆಕ್ಕದಿಂದ ತೋರಿಸಿದರು. ಮರುವರ್ಷ ಇನ್ನೊಂದು ತಂಡ ಒಂದು ಹೆಜ್ಜೆ ಮುಂದೆ ಹೋಗಿ, ಚಂದ್ರನ ಹಿಂಬದಿಯಲ್ಲಿ ಜೊರ್ಡಾನೊ ಬ್ರೂನೊ ಎಂಬ, 22 ಕಿಲೋಮೀಟರ್ ಅಗಲದ ಎಳೆಯ ಕುಳಿಯೇ ಇದರ ತವರು ಎಂದಿತು. ಅದರ ವಯಸ್ಸು ಹತ್ತು ಲಕ್ಷದಿಂದ ಒಂದು ಕೋಟಿ ವರ್ಷ. ಚಂದ್ರನ ಲೆಕ್ಕದಲ್ಲಿ ನಿನ್ನೆ ಮೊನ್ನೆಯದು.

ನನಗೆ ಈ ವಾದ ಆಕರ್ಷಕವಾಗಿ ಕಾಣುತ್ತದೆ, ತೀರ್ಮಾನವಾಗಿ ಕಾಣುವುದಿಲ್ಲ. ಸೌರಮಾರುತ ಮತ್ತು ಸೂಕ್ಷ್ಮ ಉಲ್ಕೆಗಳ ಹೊಡೆತಕ್ಕೆ ಬಹಳ ಕಾಲ ಮೈಯೊಡ್ಡಿದ ಸಾಧಾರಣ ಕ್ಷುದ್ರಗ್ರಹದ ಕಲ್ಲೂ ಕೆಂಪಗಾಗುತ್ತದೆ, ಹಾಗಾಗಿ ಬರೀ ಬಣ್ಣ ನೋಡಿ ಚಂದ್ರನದೆಂದು ಹೇಳಲಾಗದು ಎನ್ನುವವರಿದ್ದಾರೆ, ಮತ್ತು ಅವರ ಮಾತಿನಲ್ಲಿ ತೂಕವಿದೆ.

ಈ ವ್ಯಾಜ್ಯ ತೀರುವ ಬಗೆ ಮಾತ್ರ ಖಚಿತವಾಗಿದೆ. 2025ರ ಮೇ ಕೊನೆಯಲ್ಲಿ ಚೀನಾದ ಷಿಚಾಂಗ್ ಉಡಾವಣಾ ಕೇಂದ್ರದಿಂದ ಹೊರಟ ತಿಯೆನ್‌ವೆನ್ 2 ನೌಕೆ 2026ರ ಮಧ್ಯದ ಹೊತ್ತಿಗೆ ಕಮೋಓಅಲೇವಾವನ್ನು ಸೇರಿ, ಅದರ ಮೈಯಿಂದ ಚೂರು ಸಂಗ್ರಹಿಸಿ, 2027ರ ಕೊನೆಗೆ ಭೂಮಿಗೆ ತಲುಪಿಸಬೇಕೆಂಬುದು ಯೋಜನೆ. ನೌಕೆ ಅಲ್ಲಿಗೇ ನಿಲ್ಲದೆ 311ಪಿ ಎಂಬ, ಧೂಮಕೇತುವಿನಂತೆ ಬಾಲ ಬಿಡುವ ಇನ್ನೊಂದು ಕಾಯದ ಕಡೆಗೆ ಹೋಗಲಿದೆ. 28 ನಿಮಿಷಕ್ಕೊಮ್ಮೆ ತಿರುಗುವ, ಇಟ್ಟ ಗೋಲಿಯೂ ನಿಲ್ಲದ ಮೈಯನ್ನು ಮುಟ್ಟಿ ಚೂರು ತೆಗೆಯುವುದು ಎಷ್ಟು ಕಷ್ಟವೆಂದು ಊಹಿಸಬಹುದು. ಅದಕ್ಕಾಗಿಯೇ ಮುಟ್ಟಿ ಮೇಲೇಳುವ ವಿಧಾನವಲ್ಲದೆ, ಕಲ್ಲಿಗೆ ಕಾಲೂರಿ ಕಚ್ಚಿಕೊಂಡು ತೆಗೆಯುವ ವಿಧಾನವನ್ನೂ ಅವರು ಸಿದ್ಧ ಮಾಡಿಕೊಂಡಿದ್ದಾರೆ. ಚೂರು ಕೈಗೆ ಬಂದರೆ ಆಮೇಲಿನ ಪರೀಕ್ಷೆಯಲ್ಲಿ ಗೊಂದಲವಿಲ್ಲ. ಪ್ರತಿಯೊಂದು ಬಂಡೆಯಲ್ಲೂ ಆಮ್ಲಜನಕವಿದೆ. ಅದರ ಮೂರು ಐಸೊಟೋಪುಗಳ, ಅಂದರೆ ಪರಮಾಣುವಿನ ತೂಕದಲ್ಲಿ ಬೇರೆಯಾದ ಮೂರು ಬಗೆಗಳ, ಪ್ರಮಾಣವನ್ನು ನಕ್ಷೆಯಲ್ಲಿ ಗುರುತಿಸಿದರೆ ಅದು ಭೂಮಿಯ ಮತ್ತು ಚಂದ್ರನ ಕಲ್ಲುಗಳಲ್ಲಿ ಬಹುತೇಕ ಒಂದೇ ಗೆರೆಯ ಮೇಲೆ ಬೀಳುತ್ತದೆ, ಕ್ಷುದ್ರಗ್ರಹ ಮೂಲದ ಸಾಧಾರಣ ಉಲ್ಕಾಶಿಲೆಗಳಲ್ಲಿ ಆ ಗೆರೆಯಿಂದ ಮೇಲಕ್ಕೆ ಸರಿದಿರುತ್ತದೆ. ಅಳೆಯಲು ಕೆಲವು ಮಿಲಿಗ್ರಾಂ ಪುಡಿ ಇದ್ದರೆ ಸಾಕು.